ಕೈತೋಟದ ಪ್ರಶ್ನೋತ್ತರ: ಬೋನ್ಸಾಯ್ ಇಡೋಕೆ ಮರದ ಬೆಂಚು

ಹೋದ ಸಂಚಿಕೆಯಲ್ಲಿ ಬೋನ್ಸಾಯ್ ಕುಂಡದ ಮಣ್ಣು ಬದಲಿಸುವ ಬಗ್ಗೆ ಬರೆದಿದ್ದೆ. ತುಂಬಾ ಪತ್ರ ಬಂದವು, ಖುಷಿಯಾಯಿತು. ಆದರೆ ಅರ್ಧಕ್ಕರ್ಧ ಪತ್ರಗಳಲ್ಲಿ ಕೇಳಿದ್ದು ಮಣ್ಣಿನ ವಿಷಯ ಅಲ್ಲ, ಇಷ್ಟೆಲ್ಲಾ ಮಾಡಿದ ಮೇಲೆ ಗಿಡವನ್ನು ಇಡೋದು ಎಲ್ಲಿ, ಯಾವುದರ ಮೇಲೆ ಅಂತ. ಮುಂಬೈ, ಪುಣೆ, ಗೋವಾ, ಮೂರೂ ಕಡೆಯಿಂದ ಇದೇ ಮಾತು. ಹಾಗಾಗಿ ಈ ಸಲ ಬರೀ ಬೆಂಚಿನ ಬಗ್ಗೆ. ಹೆಸರು ಹಾಕಬೇಡಿ ಅಂತ ಕೆಲವರು ಕೇಳಿದ್ದಾರೆ, ಅದಕ್ಕೆ ಎಲ್ಲರದ್ದೂ ಊರಿನ ಹೆಸರಷ್ಟೇ ಹಾಕಿದ್ದೇನೆ.

ಪುಣೆ, ಸಿಂಹಗಡ ರಸ್ತೆಯಿಂದ: ಅಕ್ಕಾ, ನಮಸ್ಕಾರ. ನಮ್ಮದು ಧಾರವಾಡ, ಮದುವೆಯಾಗಿ ಪುಣೆಗೆ ಬಂದು ಇಪ್ಪತ್ತು ವರ್ಷ ಆಯಿತು. ರೋ ಹೌಸಿನ ಹಿಂದೆ ಹತ್ತಡಿ ಅಗಲದ ಜಾಗ ಇದೆ. ನನ್ನ ಹತ್ತಿರ 14 ಬೋನ್ಸಾಯ್ ಇವೆ. ಕೆಲವು ನೆಲದ ಮೇಲೆ, ಕೆಲವು ಇಟ್ಟಿಗೆ ಮೇಲೆ, ಎರಡು ಹಳೇ ಪ್ಲಾಸ್ಟಿಕ್ ಸ್ಟೂಲಿನ ಮೇಲೆ. ನಮ್ಮ ಯಜಮಾನರಿಗೆ ಮರಗೆಲಸ ಅಂದ್ರೆ ಇಷ್ಟ, ಡ್ರಿಲ್ಲು, ಗರಗಸ ಎಲ್ಲಾ ಇದೆ. ಸಾಗುವಾನಿ ದುಬಾರಿ ಅಲ್ವಾ, ಪ್ಲೈವುಡ್‌ನಲ್ಲಿ ಮಾಡಬಹುದಾ? ಎಷ್ಟು ಎತ್ತರ ಇರಬೇಕು? ಅಳತೆ ಸಮೇತ ಹೇಳಿ.

ಉತ್ತರ: ಮೊದಲು ಪ್ಲೈವುಡ್ ವಿಷಯ ಮುಗಿಸೋಣ. ಬೇಡ ತಂಗಿ. ನನ್ನ ಮೊದಲ ಬೆಂಚಿಗೆ ನಾನು ಹಾಕಿಸಿದ್ದು ಪ್ಲೈವುಡ್ಡೇ. ನೀರಿಗೆ ಏನೂ ಆಗಲ್ಲ ಅಂತ ಅಂಗಡಿಯವರು ಹೇಳಿದ್ದರು, ಮೇಲೆ ಎರಡು ಕೋಟು ಬಣ್ಣವನ್ನೂ ಹೊಡೆಸಿದ್ದೆ. ಒಂದು ಮಳೆಗಾಲ ಕಳೆಯಿತು. ಎರಡನೇ ವರ್ಷ ಆಗಸ್ಟ್‌ನಲ್ಲಿ ಒಂದು ದಿನ ಕುಂಡ ಎತ್ತಿ ನೋಡಿದರೆ ಅದರ ಕೆಳಗೆ ಬಣ್ಣ ಗುಳ್ಳೆ ಎದ್ದಿತ್ತು. ಹೆಬ್ಬೆರಳಿನಲ್ಲಿ ಒತ್ತಿದೆ. ಚಹಾದಲ್ಲಿ ಅದ್ದಿದ ಖಾರಿ ಬಿಸ್ಕತ್ತಿನ ಹಾಗೆ ಪದರ ಪದರವಾಗಿ ಬೆರಳು ಒಳಗೇ ಹೋಯಿತು. ಅದೇ ವಾರ ಇನ್ನೊಂದು ತುದಿ ಕುಸಿದು, ಹನ್ನೊಂದು ವರ್ಷ ಸಾಕಿದ ಆಲದ ಗಿಡ ನೆಲಕ್ಕೆ ಬಿತ್ತು. ಗಿಡ ಉಳಿಯಿತು, ಆದರೆ ಎಡಗಡೆಯ ದೊಡ್ಡ ಕೊಂಬೆ ಹೋಯಿತು. ಆ ಜಾಗ ಇವತ್ತಿಗೂ ತುಂಬಿಲ್ಲ.

ಬೇರೆ ಯಾವ ಮರದ ಸಾಮಾನಿಗೂ ಬೋನ್ಸಾಯ್ ಬೆಂಚಿನಷ್ಟು ನೀರು ಬೀಳಲ್ಲ. ಮಳೆ ನಿಂತ ಮೇಲೂ ನಾವು ದಿನಾ ನೀರು ಹಾಕುತ್ತೇವೆ, ಏಪ್ರಿಲ್, ಮೇ ತಿಂಗಳಲ್ಲಂತೂ ದಿನಕ್ಕೆ ಎರಡು ಸಲ. ನೀರು ಬಿದ್ದು ಹರಿದು ಹೋಗಿ ಮರ ಮತ್ತೆ ಒಣಗಿದರೆ ತೊಂದರೆ ಇಲ್ಲ. ಎಲ್ಲೋ ಒಂದು ಸಂದಿಯಲ್ಲಿ ಒಂದು ಚಮಚ ನೀರು ನಿಂತರೂ ಸಾಕು, ಕೊಳೆಯೋದು ಅಲ್ಲಿಂದಲೇ ಶುರು. ಈಗ ನಾನು ಹೇಳುವ ಅಳತೆಗಳೆಲ್ಲಾ ಇದನ್ನು ತಪ್ಪಿಸೋಕೇ ಇರುವುದು.

ಯಾವ ಮರ? ಹೊಸ ಸಾಗುವಾನಿ ದುಬಾರಿ, ನಿಜ. ಹಳೇದನ್ನು ನೋಡಿ. ಪುಣೆಯಲ್ಲಿ ಹಳೇ ವಾಡೆಗಳನ್ನು ಕೆಡವಿದಾಗ ಬರುವ ತೊಲೆ, ಪಕಾಸಿ, ಬಾಗಿಲಿನ ಚೌಕಟ್ಟುಗಳು ಮಾರಾಟಕ್ಕೆ ಬರುತ್ತವೆ. ಭವಾನಿ ಪೇಟೆಯ ಟಿಂಬರ್ ಮಾರ್ಕೆಟ್ ಕಡೆ ಒಂದು ಬೆಳಗ್ಗೆ ಹೋಗಿ ವಿಚಾರಿಸಿ. ಹಳೇ ತುಂಡುಗಳು ಮಸಿ ಹಿಡಿದು ಕಪ್ಪಗೆ, ನೋಡೋಕೆ ಸೌದೆ ಥರ ಇರುತ್ತವೆ. ಒಂದು ಮೂಲೆಯಲ್ಲಿ ಸ್ವಲ್ಪ ಕೀಸಿ ತೋರಿಸಿ ಅಂತ ಕೇಳಿ. ಒಳಗಿಂದ ಜೇನಿನ ಬಣ್ಣ ಬಂದು, ಹಳೇ ಚರ್ಮದ ಥರ ಒಂದು ವಾಸನೆ ಬಂದು, ಮುಟ್ಟಿದರೆ ಸ್ವಲ್ಪ ಎಣ್ಣೆ ಎಣ್ಣೆ ಅನ್ನಿಸಿದರೆ ಅದು ಒಳ್ಳೆಯ ಚೇಗಿನ ಸಾಗುವಾನಿ. ಹೊಸದರಲ್ಲಿ ಒಂದು ಮೋಸ ಇದೆ. ಎಳೇ ಮರದ ಹೊರಗಿನ ಬಿಳಿ ಭಾಗವನ್ನೂ ಸಾಗುವಾನಿ ಅಂತಲೇ ಕೊಡುತ್ತಾರೆ. ಆ ಬಿಳಿ ಭಾಗಕ್ಕೆ ಗೆದ್ದಲೂ ಬೇಗ, ಕೊಳೆಯೂ ಬೇಗ. ಹಳೇ ಮರ ತಂದರೆ ಗರಗಸ ಹಾಕುವ ಮುಂಚೆ ಮುರಿದ ಮೊಳೆಗಳನ್ನು ಹುಡುಕಿ ತೆಗೆಯಲಿ. ಒಂದು ಅಯಸ್ಕಾಂತ ಆಡಿಸಿದರೆ ಸಿಗುತ್ತವೆ.

ಸಾಗುವಾನಿ ಸಿಗದಿದ್ದರೆ ಸಾಲ್ ಮರ, ಮತ್ತಿ ಆಗುತ್ತದೆ. ಭಾರ ಜಾಸ್ತಿ, ಕೊರೆಯೋದು ಕಷ್ಟ, ಆದರೆ ಬಾಳಿಕೆ ಬರುತ್ತದೆ. ಮಾವು, ರಬ್ಬರ್ ಮರ ಹೊರಗಡೆಗೆ ಬೇಡವೇ ಬೇಡ. ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಅಗ್ಗ, ಎಣ್ಣೆ ಕುಡಿಸಿದರೆ ಒಂದೆರಡು ಮಳೆಗಾಲ ತಡೆಯುತ್ತದೆ, ಕೈ ಪಳಗಿಸಿಕೊಳ್ಳೋಕೆ ಅದರಲ್ಲಿ ಒಂದು ಮಾಡಿ ನೋಡುವುದು ತಪ್ಪಲ್ಲ.

ಎತ್ತರದ ಮಾತಿಗೆ ಬರ್ತೀನಿ. ನೆಲದ ಮೇಲಿಟ್ಟ ಬೋನ್ಸಾಯ್‌ನಲ್ಲಿ ಕಾಣೋದು ಎಲೆಯ ಗುಪ್ಪೆ ಮಾತ್ರ. ಕಾಂಡದ ಬಾಗು, ಬುಡದಲ್ಲಿ ಬೇರು ಹರಡಿದ ರೀತಿ, ಇಷ್ಟು ವರ್ಷ ನೀವು ತಂತಿ ಕಟ್ಟಿ ತಿದ್ದಿದ್ದು, ಒಂದೂ ಕಾಣಲ್ಲ. ಕಣ್ಣು ಕಾಂಡದ ನಡುಮಟ್ಟಕ್ಕೆ ಬರಬೇಕು. ಲೆಕ್ಕ ಹಾಕಿದರೆ ಅದಕ್ಕೆ ನಾಲ್ಕು ಅಡಿ ಎತ್ತರದ ಬೆಂಚು ಬೇಕಾಗುತ್ತದೆ. ಅಷ್ಟು ಎತ್ತರಕ್ಕೆ ಕುಂಡ ಎತ್ತಿಡೋದು ಯಾರಿಂದಲೂ ಆಗಲ್ಲ, ಗಾಳಿಗೆ ಬೀಳುವ ಭಯ ಬೇರೆ. ಹಾಗಾಗಿ ಸಣ್ಣ, ನಡುಗಾತ್ರದ ಗಿಡಗಳಿಗೆ 36 ಇಂಚು, ಒಬ್ಬರೇ ಎತ್ತಲಾಗದ ಭಾರದ ಕುಂಡಗಳಿಗೆ 24ರಿಂದ 28 ಇಂಚು ಸಾಕು. ಮರ ಕೊಯ್ಯುವ ಮುಂಚೆ ಇಟ್ಟಿಗೆ ಪೇರಿಸಿ ಅದರ ಮೇಲೆ ಒಂದು ಹಲಗೆ ಇಟ್ಟು, ನಿಮಗೆ ಇಷ್ಟವಾದ ಗಿಡವನ್ನು ಎರಡು ದಿನ ಅಲ್ಲಿಡಿ. ನೀರು ಹಾಕಿ, ಎಲೆ ಕತ್ತರಿಸಿ, ಅಡುಗೆಮನೆ ಕಿಟಕಿಯಿಂದ ನೋಡಿ. ಒಂದು ಇಟ್ಟಿಗೆ ಹೆಚ್ಚು ಕಮ್ಮಿ ಮಾಡಿದರೆ ನಿಮ್ಮ ಎತ್ತರ ನಿಮಗೇ ಗೊತ್ತಾಗುತ್ತದೆ.

ಈಗ ಅಳತೆ. ಯಜಮಾನರಿಗೆ ಓದಿ ಹೇಳಿ. ಐದು ಅಡಿ ಉದ್ದ, ಹದಿನಾಲ್ಕೂವರೆ ಇಂಚು ಅಗಲದ ಬೆಂಚು. ಕಾಲು ನಾಲ್ಕು, ಒಂದೊಂದೂ ಮೂರಕ್ಕೆ ಮೂರು ಇಂಚು ದಪ್ಪ, 33 ಇಂಚು ಎತ್ತರ. ಕಾಲುಗಳು ಎರಡೂ ತುದಿಯಿಂದ ಆರಾರು ಇಂಚು ಒಳಗಿರಲಿ. ಮುಂದೊಂದು ಹಿಂದೊಂದು ಉದ್ದದ ಪಟ್ಟಿ, ನಾಲ್ಕು ಇಂಚು ಅಗಲ, ಒಂದೂವರೆ ದಪ್ಪ, ಕಾಲುಗಳಿಗೆ ನಟ್ಟು ಬೋಲ್ಟಿನಲ್ಲಿ ಬಿಗಿಯಬೇಕು. ಅದರ ಮೇಲೆ ಮೂರು ಅಡ್ಡಪಟ್ಟಿ, ಮೂರು ಇಂಚು ಅಗಲ, ಒಂದೂವರೆ ದಪ್ಪ, ಮಲಗಿಸಿ ಕೂರಿಸಬೇಕು, ಎರಡು ತುದಿಗೆ ಎರಡು, ನಡುವೆ ಒಂದು. ಇವುಗಳ ಮೇಲೆ ಉದ್ದಕ್ಕೆ ಐದು ರೀಪು, ಎರಡೂವರೆ ಇಂಚು ಅಗಲ, ಒಂದು ಇಂಚು ದಪ್ಪ, ನಡುವೆ ಅರ್ಧ ಇಂಚಿನ ಸಂದಿ. ಈ ಸಂದಿಯನ್ನು ದಯವಿಟ್ಟು ಮುಚ್ಚಬೇಡಿ. ಕುಂಡದ ತೂತಿಂದ ಬಿದ್ದ ನೀರು ಸೀದಾ ನೆಲಕ್ಕೆ ಹೋಗಬೇಕು, ಕೆಳಗಿಂದ ಕುಂಡಕ್ಕೆ ಗಾಳಿ ಬರಬೇಕು. ಆದರೆ ಸಂದಿ ಅರ್ಧ ಇಂಚಿಗಿಂತ ಜಾಸ್ತಿಯಾದರೆ ಸಣ್ಣ ಕುಂಡಗಳ ಪಾದ ಅದರೊಳಗೆ ಇಳಿಯುತ್ತದೆ. ಕೊನೆಗೆ ಹಿಂದಿನ ಕಾಲುಗಳ ನಡುವೆ ಒಂದು ಓರೆ ಪಟ್ಟಿ, ಇಲ್ಲದಿದ್ದರೆ ಬೆಂಚು ಅಕ್ಕಪಕ್ಕ ಆಡುತ್ತದೆ. ಎಲ್ಲಾ ಸೇರಿ ಎರಡು ಘನ ಅಡಿ ಮರಕ್ಕಿಂತ ಸ್ವಲ್ಪ ಕಮ್ಮಿಯೇ ಬೇಕು, ಕೊಯ್ತದಲ್ಲಿ ಹೋಗುವುದನ್ನೂ ಹಿಡಿದು ಎರಡೂಕಾಲು ತನ್ನಿ.

ಭಾರದ ಬಗ್ಗೆ ಚಿಂತೆ ಬೇಡ. 16 ಇಂಚು ಉದ್ದ, 12 ಅಗಲ, 4 ಆಳದ ಕುಂಡದಲ್ಲಿ ಸುಮಾರು 12 ಲೀಟರ್ ಮಣ್ಣು ಹಿಡಿಯುತ್ತದೆ, ನೀರು ಕುಡಿದ ಮೇಲೆ ಕುಂಡ ಸೇರಿ 20 ಕಿಲೋ ಹತ್ತಿರ. ಅಂಥವು ಮೂರು ಇಟ್ಟರೂ ಈ ಬೆಂಚು ತಡೆಯುತ್ತದೆ. ನಾಲ್ಕನೆಯದನ್ನು ತುರುಕಬೇಡಿ.

ಈಗ ನಾನು ತುಂಬಾ ಕಾಳಜಿಯಿಂದ ಹೇಳುವ ಮಾತು ಒಂದಿದೆ. ರೀಪು ಅಡ್ಡಪಟ್ಟಿಯ ಮೇಲೆ ಕೂರುವ ಜಾಗ ಇದೆಯಲ್ಲ, ಬೆಂಚು ಮೊದಲು ಕೊಳೆಯೋದು ಅಲ್ಲೇ. ಎರಡು ಮರ ಒತ್ತಿಕೊಂಡಿರುವ ಕಡೆ ನೀರು ಹೋಗಿ ಕೂತರೆ ಒಣಗೋಕೆ ದಿನಗಟ್ಟಲೆ ಬೇಕು. ಅದಕ್ಕೆ ಪ್ರತಿ ಸ್ಕ್ರೂ ಇರುವ ಕಡೆ, ರೀಪಿಗೂ ಅಡ್ಡಪಟ್ಟಿಗೂ ನಡುವೆ, ಒಂದು ಸ್ಟೀಲ್ ವಾಷರ್ ಇಡಿ. ಎರಡು ಮಿಲಿಮೀಟರ್ ಸಂದಿ ಸಿಗುತ್ತದೆ, ನೀರು ಇಳಿದು ಗಾಳಿ ಆಡುತ್ತದೆ. ಸ್ಕ್ರೂವನ್ನು ಮೇಲಿಂದ ಹೊಡೆಯಬೇಡಿ, ಅದರ ತಲೆಯ ಗುಳಿಯಲ್ಲೇ ನೀರು ನಿಲ್ಲುತ್ತದೆ. ಅಡ್ಡಪಟ್ಟಿಯ ಕೆಳಗಿಂದ, ತಲೆ ಕಾಲು ಇಂಚು ಒಳಗೆ ಕೂರುವ ಹಾಗೆ ತೂತು ಅಗಲಿಸಿ, ಎರಡು ಇಂಚಿನ ಸ್ಟೇನ್‌ಲೆಸ್ ಸ್ಕ್ರೂ ಹಾಕಿ. ಮುಂದೆ ಯಾವತ್ತಾದರೂ ಒಂದು ರೀಪು ಹಾಳಾದರೆ ಅದೊಂದನ್ನೇ ಬಿಚ್ಚಿ ಬದಲಿಸಬಹುದು. ಕಬ್ಬಿಣದ ಮೊಳೆ ಬೇಡ, ಸಾಗುವಾನಿಯಲ್ಲಿ ಅದರ ಸುತ್ತ ಕಪ್ಪು ಕಲೆ ಇಳಿಯುತ್ತದೆ, ಆಮೇಲೆ ತುಕ್ಕು. ರೀಪಿನ ಮೇಲಿನ ಅಂಚುಗಳನ್ನು ಸ್ವಲ್ಪ ಉಜ್ಜಿ ದುಂಡಗೆ ಮಾಡಿ.

ಕಾಲುಗಳು ಮಣ್ಣು ಮುಟ್ಟಬಾರದು. ಮರದ ಕೊಯ್ದ ತುದಿ ನೀರನ್ನು ಬತ್ತಿಯ ಹಾಗೆ ಮೇಲಕ್ಕೆ ಎಳೆಯುತ್ತದೆ. ಪ್ರತಿ ಕಾಲಿನ ಕೆಳಗೆ ಒಂದು ತುಂಡು ಶಹಾಬಾದ್ ಕಲ್ಲು ಹಾಕಿ. ನಮ್ಮ ಕಲಬುರಗಿ ಕಡೆಯ ಕಲ್ಲು, ಪುಣೆಯ ಅಂಗಳಗಳಲ್ಲೆಲ್ಲಾ ಅದೇ ಇದೆ ಅಲ್ವಾ, ಯಾರದೋ ಮನೆ ರಿಪೇರಿಯಲ್ಲಿ ಚೂರುಗಳು ಸಿಕ್ಕೇ ಸಿಗುತ್ತವೆ.

ವಾರ್ನಿಷ್ ಬೇಡ. ಬಿಸಿಲಿಗೆ ಬಿರಿದು, ಬಿರುಕಿನಿಂದ ಒಳಗೆ ಹೋದ ನೀರನ್ನು ಹೊರಗೆ ಬಿಡಲ್ಲ. ಅಗಸೆ ಎಣ್ಣೆ ಸಾಕು, ಬಣ್ಣದ ಅಂಗಡಿಯಲ್ಲಿ ಬಾಯ್ಲ್ಡ್ ಲಿನ್ಸೀಡ್ ಆಯಿಲ್ ಅಂತ ಕೇಳಿ. ತೆಳುವಾಗಿ ಬಳಿದು, ಅರ್ಧ ಗಂಟೆ ಬಿಟ್ಟು, ಉಳಿದದ್ದನ್ನು ಒರೆಸಿ ತೆಗೆಯಬೇಕು. ಒಂದೊಂದು ದಿನ ಬಿಟ್ಟು ಮೂರು ಸಲ. ಕೊಯ್ದ ತುದಿಗಳಿಗೆ ಅದು ಕುಡಿಯುವಷ್ಟೂ ಕುಡಿಸಿ. ಆಮೇಲೆ ವರ್ಷಕ್ಕೊಮ್ಮೆ, ಮೇ ತಿಂಗಳಲ್ಲಿ, ಮಳೆಗೆ ಮುಂಚೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆಯ ಬಟ್ಟೆ ಒಣಗುವಾಗ ತಾನೇ ಬಿಸಿಯಾಗಿ ಬೆಂಕಿ ಹತ್ತಿಕೊಳ್ಳುತ್ತದೆ, ಇದು ನಿಜವಾಗಿಯೂ ಆಗುತ್ತದೆ. ಹೊರಗೆ ಬಿಡಿಸಿ ಹರವಿ ಒಣಗಿಸಿ, ಇಲ್ಲವೇ ನೀರಲ್ಲಿ ನೆನೆಸಿಡಿ. ಉಪಯೋಗಿಸಿದ ಇಂಜಿನ್ ಆಯಿಲ್ ಬಳಿಯಿರಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಅದು ಕುಂಡಕ್ಕೂ ನಿಮ್ಮ ಕೈಗೂ ಹತ್ತುತ್ತದೆ.

ನಿಮ್ಮ ಮನೆ ಪು. ಲ. ದೇಶಪಾಂಡೆ ಉದ್ಯಾನದ ಹತ್ತಿರವೇ ಇರಬೇಕು. ಜಪಾನಿನ ಓಕಾಯಾಮಾದ ಕೋರಾಕುಎನ್ ತೋಟದ ಮಾದರಿಯಲ್ಲಿ ಮಾಡಿದ್ದು ಅದು. ಬೆಂಚು ಮಾಡುವ ಮುಂಚೆ ಒಂದು ಸಲ ನಿಧಾನಕ್ಕೆ ಸುತ್ತಾಡಿ ಬನ್ನಿ. ಅಲ್ಲಿ ಖಾಲಿ ಬಿಟ್ಟ ಜಾಗವನ್ನು ನೋಡಿ. ನಿಮ್ಮ 14 ಗಿಡವನ್ನೂ ಒಂದೇ ಸಾಲಲ್ಲಿ ತುಂಬುವ ಆಸೆ ಬರುತ್ತದೆ, ನನಗೂ ಬಂದಿತ್ತು. ಮೂರು ಗಿಡಕ್ಕೆ ಒಂದು ಬೆಂಚು ಅಂದುಕೊಳ್ಳಿ, ಹಿಂದೆ ಸಾದಾ ಗೋಡೆ ಇರಲಿ. ಮೊದಲು ಒಂದೇ ಬೆಂಚು ಮಾಡಿ, ಒಂದು ಮಳೆಗಾಲ ಅದು ಹೇಗಿರುತ್ತದೆ ನೋಡಿ, ಆಮೇಲೆ ಉಳಿದವು.

ಗೋವಾ, ಪೋಂಡಾದಿಂದ: ಅಕ್ಕಾ, ನಮ್ಮ ತೋಟದಲ್ಲಿ ಏನು ಮರ ಇಟ್ಟರೂ ಗೆದ್ದಲು ಹಿಡಿಯುತ್ತದೆ. ಎರಡು ಬೆಂಚು ಹೋಯಿತು, ಎರಡೂ ಕಾಲಿನಿಂದಲೇ. ಕಬ್ಬಿಣದ್ದು ಮಾಡಿಸಿಬಿಡಲಾ?

ಉತ್ತರ: ಕಬ್ಬಿಣಕ್ಕೆ ನಿಮ್ಮ ಕಡಲಿನ ಗಾಳಿ ಇದೆಯಲ್ಲ! ಅದೂ ಉಳಿಯಲ್ಲ. ಕಾಲು ಮಾತ್ರ ಮರದ್ದು ಬೇಡ. ನಿಮ್ಮಲ್ಲಿ ಚಿರೆಕಲ್ಲು ಧಾರಾಳವಾಗಿ ಸಿಗುತ್ತದೆ. ಎರಡು ಕಡೆ ಚಿರೆಕಲ್ಲಿನ ಕಂಬ ಕಟ್ಟಿಸಿ, ಮೇಲೆ ಮರದ ಚೌಕಟ್ಟು ಸುಮ್ನೆ ಇಡಿ, ಸಿಮೆಂಟ್ ಹಾಕಿ ಹೂಳಬೇಡಿ. ಕಲ್ಲಿಗೂ ಮರಕ್ಕೂ ನಡುವೆ ಒಂದು ತುಂಡು ಕಡಪ ಕಲ್ಲು ಇಟ್ಟು, ಅದು ಸುತ್ತಲೂ ಒಂದು ಇಂಚು ಹೊರಗೆ ಚಾಚಿರಲಿ. ಗೆದ್ದಲು ನೆಲದಿಂದಲೇ ಬರಬೇಕು, ಬರುವಾಗ ಮಣ್ಣಿನ ಸುರಂಗ ಕಟ್ಟಿಕೊಂಡೇ ಬರುತ್ತದೆ. ಚಾಚಿದ ಕಲ್ಲನ್ನು ಸುತ್ತಿ ಬರಬೇಕಾದರೆ ಆ ಸುರಂಗ ಹೊರಗೆ ಕಾಣಲೇಬೇಕು. ವಾರಕ್ಕೊಮ್ಮೆ ಬಗ್ಗಿ ನೋಡಿ, ಕಂಡರೆ ಕಡ್ಡಿಯಲ್ಲಿ ಕೆರೆದುಬಿಡಿ. ಸುರಂಗ ಮುರಿದರೆ ಅವು ಒಣಗಿ ಸಾಯುತ್ತವೆ. ಬೆಂಚಿನ ಕೆಳಗೆ ಒಣ ಎಲೆ, ಹಳೇ ಹಲಗೆ, ರಟ್ಟು ಏನೂ ಬಿಡಬೇಡಿ.

ಇನ್ನು ಮರಕ್ಕೆ ಬಳಿಯೋಕೆ ನಿಮ್ಮ ಊರಿನದ್ದೇ ಒಂದು ವಸ್ತು ಇದೆ, ಗೇರುಬೀಜದ ಸಿಪ್ಪೆಯ ಎಣ್ಣೆ. ಪೋರ್ಚುಗೀಸರು ಗೇರನ್ನು ಬ್ರೆಜಿಲ್‌ನಿಂದ ತಂದ ಮೇಲೆ ಕರಾವಳಿಯ ಮೀನುಗಾರರು ದೋಣಿಗೆ ಈ ಎಣ್ಣೆ ಬಳಿಯೋದನ್ನು ರೂಢಿ ಮಾಡಿಕೊಂಡರು. ಉಪ್ಪು ನೀರಲ್ಲಿ ನಿಲ್ಲುವ ಮರವನ್ನೇ ಕಾಯುತ್ತದೆ ಅಂದರೆ ನಿಮ್ಮ ಬೆಂಚು ಯಾವ ಲೆಕ್ಕ. ಎರಡು ತೆಳು ಕೋಟು, ಚೆನ್ನಾಗಿ ಒಣಗಲು ವಾರ ಹತ್ತು ದಿನ ಬಿಸಿಲಿಗೆ ಬಿಡಿ, ಒಣಗಿದ ಮೇಲೆ ಕಡು ಕಂದು ಬಣ್ಣ ಬರುತ್ತದೆ. ಕುಂಡಗಳಿಗೆ ಅದು ತುಂಬಾ ಒಪ್ಪುತ್ತದೆ. ಆದರೆ ಹಸಿ ಎಣ್ಣೆ ಚರ್ಮಕ್ಕೆ ತಾಗಿದರೆ ಸುಟ್ಟ ಹಾಗೆ ಬೊಬ್ಬೆ ಬರುತ್ತದೆ. ಗೇರುಬೀಜ ಸುಟ್ಟು ಒಡೆದವರಿಗೆಲ್ಲಾ ಗೊತ್ತು. ದಪ್ಪ ಕೈಗವಸು, ಪೂರ್ತಿ ತೋಳಿನ ಅಂಗಿ ಹಾಕಿಕೊಂಡೇ ಬಳಿಯಿರಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಸ್ಕ್ರೂ ಕೊಳ್ಳುವಾಗ 316 ನಂಬರಿನ ಸ್ಟೇನ್‌ಲೆಸ್ ಕೇಳಿ. ಸಾಮಾನ್ಯವಾಗಿ ಸಿಗುವ 304 ಪುಣೆಗೆ ಸಾಕು, ಕಡಲ ಹತ್ತಿರ 316 ಬೇಕು.

ಠಾಣೆಯಿಂದ: ಮೇಡಂ, ಎಂಟನೇ ಮಹಡಿ, ಫ್ಲಾಟಿಗೆ ಸೇರಿದ ಟೆರೇಸ್ ಇದೆ. ಮೂರು ಮೆಟ್ಟಿಲಿನ ಬೆಂಚು ಮಾಡಿಸಬೇಕು ಅಂತಿದ್ದೇನೆ. ಪಕ್ಕದಲ್ಲಿ ಟವರ್ ಎದ್ದಿದೆ, ಬಿಸಿಲು ಎಷ್ಟು ಸಿಗುತ್ತದೋ ಗೊತ್ತಾಗುತ್ತಿಲ್ಲ.

ಉತ್ತರ: ಬಿಸಿಲಿನ ವಿಷಯ ಮೊದಲು. ಜಪಾನಿನಲ್ಲಿ 1923ರ ದೊಡ್ಡ ಭೂಕಂಪ ಆದ ಮೇಲೆ ಟೋಕಿಯೋದ ಬೋನ್ಸಾಯ್ ಬೆಳೆಗಾರರು ಊರು ಬಿಟ್ಟು ಓಮಿಯಾ ಅನ್ನುವ ಕಡೆ ಹೋಗಿ, 1925ರಲ್ಲಿ ತಮ್ಮದೇ ಒಂದು ಹಳ್ಳಿ ಕಟ್ಟಿಕೊಂಡರು. ಅಲ್ಲಿ ನೆಲೆಸುವವರು ಎರಡು ಅಂತಸ್ತಿನ ಮನೆ ಕಟ್ಟಬಾರದು, ಬೇಲಿ ಗಿಡದ್ದೇ ಇರಬೇಕು ಅಂತ ತಾವೇ ಕಟ್ಟು ಮಾಡಿಕೊಂಡಿದ್ದರು. ನಮಗೆ ಠಾಣೆಯಲ್ಲಿ ಆ ಭಾಗ್ಯ ಇಲ್ಲ, ಇರುವ ಬಿಸಿಲನ್ನು ಅಳೆದು ಉಪಯೋಗಿಸಬೇಕು. ಒಂದು ಭಾನುವಾರ ಸೀಮೆಸುಣ್ಣ ಹಿಡಿದು ಕೂತುಕೊಳ್ಳಿ. ಬೆಳಗ್ಗೆ 8, 10, 12, 2, 4 ಗಂಟೆಗೆ ನೆರಳಿನ ಗಡಿಯನ್ನು ನೆಲದ ಮೇಲೆ ಗೆರೆ ಎಳೆದು ಗಂಟೆ ಬರೆಯಿರಿ. ಬೆಳಗಿನ ಬಿಸಿಲು ನಾಲ್ಕು ಗಂಟೆಯಾದರೂ ಬೀಳುವ ಜಾಗ ಬೆಂಚಿಗೆ. ಡಿಸೆಂಬರ್‌ನಲ್ಲಿ ಇನ್ನೊಂದು ಸಲ ಮಾಡಿ, ಯಾಕೆಂದರೆ ನಮ್ಮ ಕಡೆ ಸೂರ್ಯ ಮೇ 15ರ ಆಸುಪಾಸು ಮಧ್ಯಾಹ್ನ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ, ನೆಟ್ಟ ಕೋಲಿನ ನೆರಳೇ ಬೀಳಲ್ಲ. ಡಿಸೆಂಬರ್‌ನಲ್ಲಿ ದಕ್ಷಿಣಕ್ಕೆ ವಾಲಿ, ಟವರಿನ ನೆರಳು ಉದ್ದಕ್ಕೆ ಚಾಚುತ್ತದೆ. ಮೆಟ್ಟಿಲು ಮಾಡಿಸುವುದಾದರೆ ಎತ್ತರದ ಮೆಟ್ಟಿಲು ಉತ್ತರಕ್ಕೆ ಇರಲಿ, ಕೆಳಗಿನವು ನೆರಳಲ್ಲಿ ಕೂರಲ್ಲ.

ಆದರೆ ಮೂರು ಮೆಟ್ಟಿಲು ಬೇಡ, ಎರಡು ಸಾಕು. ಮೇಲಿನ ಮೆಟ್ಟಿಲಿನ ಕುಂಡದ ನೀರು ಕೆಳಗಿನ ಗಿಡದ ಮೇಲೆ ತೊಟ್ಟಿಕ್ಕದ ಹಾಗೆ ಒಂದರ ಕೆಳಗೆ ಒಂದು ಬರದಂತೆ ಮಾಡಿಸಿ. ಟೆರೇಸಿನ ನಡುವೆ ಭಾರ ಹಾಕಬೇಡಿ, ಗೋಡೆಯ ಪಕ್ಕ, ಕೆಳಗೆ ತೊಲೆ ಇರುವ ಕಡೆ ಇಡಿ. ಸೊಸೈಟಿಯವರಿಗೆ ಮೊದಲೇ ಬರೆದು ತಿಳಿಸಿ ಒಪ್ಪಿಗೆ ತೆಗೆದುಕೊಳ್ಳಿ. ಎಷ್ಟೇ ಗಾಳಿ ಇದ್ದರೂ ನೆಲಕ್ಕೆ ತೂತು ಕೊರೆದು ಬೋಲ್ಟ್ ಹಾಕಬೇಡಿ, ವಾಟರ್‌ಪ್ರೂಫಿಂಗ್ ಹೋದರೆ ಕೆಳಗಿನ ಮನೆಯ ಸೀಲಿಂಗ್ ಸೋರುತ್ತದೆ. ಬದಲಿಗೆ ಕಾಲುಗಳ ಕೆಳಭಾಗಕ್ಕೆ ಅಡ್ಡಪಟ್ಟಿ ಹಾಕಿಸಿ ಅದರ ಮೇಲೆ ನಾಲ್ಕು ಇಟ್ಟಿಗೆ ಇಡಿ, ಬೆಂಚು ಕದಲಲ್ಲ. ಕುಂಡವನ್ನು ರೀಪಿಗೆ ಅಲ್ಯೂಮಿನಿಯಂ ತಂತಿಯಲ್ಲಿ ಕಟ್ಟಿ. ಕುಂಡದ ಕೆಳಗೆ ತಟ್ಟೆ ಇಡಬೇಡಿ, ಬೇರೂ ಕೊಳೆಯುತ್ತದೆ, ಡೆಂಗೀ ಸೊಳ್ಳೆಯೂ ಮೊಟ್ಟೆ ಇಡುತ್ತದೆ.

ಬೊರಿವಲಿಯಿಂದ: ಬಾಲ್ಕನಿಯ ಗ್ರಿಲ್ಲಿನ ಹೊರಗೆ ಹಲಗೆ ಹಾಕಿ ನಾಲ್ಕು ಬೋನ್ಸಾಯ್ ಇಟ್ಟಿದ್ದೇನೆ. ಬಿಸಿಲು ಚೆನ್ನಾಗಿ ಬರುತ್ತದೆ. ಪಕ್ಕದ ಮನೆಯವರು ತೆಗೀರಿ ಅಂತಾರೆ. ತೆಗೀಬೇಕಾ? ಒಳಗಿಟ್ಟರೆ ಬೆಂಚು ಹೇಗಿರಬೇಕು?

ಉತ್ತರ: ಇವತ್ತೇ ತೆಗೀರಿ, ದಯವಿಟ್ಟು. ಕೆಳಗೆ ಜನ ಓಡಾಡುತ್ತಾರೆ. ಒಂದು ಕುಂಡ ಬಿದ್ದರೆ ಮುಗಿಯಿತು. ಪಕ್ಕದ ಮನೆಯವರು ಸರಿಯಾಗೇ ಹೇಳಿದ್ದಾರೆ.

ಒಳಗೆ ಬೆಂಚು ಮಾಡುವಾಗ ಕಟಕಟೆಗೆ ತಾಗಿಸಿ ಇಡಬೇಡಿ. ನಿಮ್ಮ ಮನೆಯಲ್ಲಿ ಇಲ್ಲದಿದ್ದರೂ ಬಂದು ಹೋಗುವ ಚಿಕ್ಕ ಮಕ್ಕಳು ಇದ್ದೇ ಇರುತ್ತಾರೆ, ಬೆಂಚು ಅವರಿಗೆ ಏಣಿಯಾಗುತ್ತದೆ. ಪಕ್ಕದ ಗೋಡೆಗೆ ತಾಗಿಸಿ, ಹತ್ತು ಇಂಚು ಅಗಲದ ಕಿರಿದಾದ ಬೆಂಚು ಮಾಡಿಸಿ. ಬಿಸಿಲು ಒಂದೇ ಕಡೆಯಿಂದ ಬರುವುದರಿಂದ ವಾರಕ್ಕೊಮ್ಮೆ ಕುಂಡವನ್ನು ಕಾಲು ಸುತ್ತು ತಿರುಗಿಸಿ, ಇಲ್ಲದಿದ್ದರೆ ಗಿಡ ಒಂದೇ ಕಡೆಗೆ ವಾಲುತ್ತದೆ. ಅಂಥ ಜಾಗಕ್ಕೆ ಅತ್ತಿಯ ಜಾತಿಯವು, ಜೇಡ್ ಚೆನ್ನಾಗಿ ಹೊಂದಿಕೊಳ್ಳುತ್ತವೆ. ಬೋಗನ್‌ವಿಲ್ಲಾಗೆ ಆ ಬಿಸಿಲು ಸಾಲಲ್ಲ.

ಪಿಂಪ್ರಿಯಿಂದ: ಅಕ್ಕಾ, ಊರಿಂದ ಹಲಸಿನ ಮರದ ಒಂದು ದಿಮ್ಮಿ ತಂದಿದ್ದೇನೆ, ಒಂದಡಿ ಅಡ್ಡಗಲ, ಎರಡೂವರೆ ಅಡಿ ಎತ್ತರ. ಅದನ್ನೇ ನಿಲ್ಲಿಸಿ ಮೇಲೆ ಹುಣಸೆ ಬೋನ್ಸಾಯ್ ಇಡಬಹುದಾ?

ಉತ್ತರ: ಇಡಬಹುದು ತಮ್ಮಾ, ಒಂಟಿ ಗಿಡಕ್ಕೆ ಒಂಟಿ ಕಂಬ ಬಹಳ ಚೆಂದ ಕಾಣುತ್ತದೆ. ಊರಿನ ಮರ ಅಂದ್ರೆ ಇನ್ನೂ ಚೆಂದ. ಆದರೆ ತೊಗಟೆ ಪೂರ್ತಿ ತೆಗೆಯಿರಿ, ಹುಳ ಸೇರೋದು ಅಲ್ಲೇ. ಆರು ತಿಂಗಳಾದರೂ ನೆರಳಲ್ಲಿ ಒಣಗಲಿ. ಬುಡವನ್ನು ಊರಲ್ಲಿ ಬೇಲಿ ಗೂಟಕ್ಕೆ ಮಾಡ್ತಾರಲ್ಲ, ಹಾಗೆ ಬೆಂಕಿಯಲ್ಲಿ ಕರಿಯಾಗುವ ತನಕ ಸುಡಿ. ಜಪಾನಿನವರೂ ಮನೆಯ ಹೊರಗಿನ ಹಲಗೆಗಳನ್ನು ಹೀಗೇ ಸುಟ್ಟು ಹಾಕುತ್ತಾರೆ. ಮೇಲ್ಗಡೆ ಕೊಯ್ದ ಮುಖ ಬಟ್ಟಲಿನ ಹಾಗೆ ನೀರು ಹಿಡಿಯುತ್ತದೆ. ಅದಕ್ಕೆ ಕುಂಡವನ್ನು ನೇರ ದಿಮ್ಮಿಯ ಮೇಲೆ ಇಡದೆ, ಅಡ್ಡಕ್ಕೆ ಎರಡು ಪಟ್ಟಿ ಬಡಿದು, ಅದರ ಮೇಲೆ ನಾಲ್ಕು ರೀಪಿನ ಸಣ್ಣ ತಟ್ಟು ಕೂರಿಸಿ. ಬುಡ ಒಂದಡಿಯೇ ಆದ್ದರಿಂದ ಅಗಲ ಕೊಂಬೆಯ ಗಿಡ ಇಡಬೇಡಿ.

ವಾಸ್ಕೋದಿಂದ: ನಮ್ಮದು ಗದಗ, ಇಲ್ಲಿಗೆ ಬಂದು ಮೂರು ವರ್ಷ. ಬೆಂಚು ಗಟ್ಟಿಯಾಗಿದೆ, ಆದರೆ ಮಳೆಗಾಲದಲ್ಲಿ ಗಿಡಗಳೇ ಕೊಳೆಯುತ್ತಿವೆ. ಹೋದ ವರ್ಷ ಎರಡು ಹೋದವು. ಮೇಲೆ ಪ್ಲಾಸ್ಟಿಕ್ ಶೀಟ್ ಹೊದಿಸಿದರೆ ಸರಿಯಾ?

ಉತ್ತರ: ಎರಡು ಗಿಡ ಹೋದದ್ದು ಓದಿ ಬೇಜಾರಾಯಿತು. ಗದಗದ ಮಳೆಯ ಲೆಕ್ಕದಲ್ಲಿ ಗಿಡ ಸಾಕಿದವರಿಗೆ ಅಲ್ಲಿಯ ಜುಲೈ ನಿಜವಾಗಿಯೂ ಹೊಸದು. ಪುಣೆಯಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ, ಮುಂಬೈಯಲ್ಲಿ 2200ಕ್ಕೂ ಜಾಸ್ತಿ, ಗೋವಾದಲ್ಲಿ 3000ದ ಹತ್ತಿರ, ಅದರಲ್ಲೂ ಹೆಚ್ಚಿನದು ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. ಶೀಟನ್ನು ಗಿಡಕ್ಕೆ ತಾಗುವ ಹಾಗೆ ಹೊದಿಸಿದರೆ ಗಾಳಿ ಆಡದೆ ಬೂಷ್ಟು ಬರುತ್ತದೆ. ಬೆಂಚಿನ ಹಿಂದಿನ ಎರಡು ಕಾಲಿಗೆ ಉದ್ದದ ಬಿದಿರು ಕಟ್ಟಿ, ಮುಂದಿನವಕ್ಕೆ ಒಂದಡಿ ಗಿಡ್ಡದ್ದು ಕಟ್ಟಿ, ಗಿಡದ ತಲೆಗಿಂತ ಎರಡಡಿ ಮೇಲೆ ಇಳಿಜಾರಾಗಿ ಬಿಳಿ ಶೀಟ್ ಹಾಕಿ, ನಾಲ್ಕೂ ಕಡೆ ತೆರೆದಿರಲಿ. ಎಲ್ಲಾ ಗಿಡಕ್ಕೂ ಇದು ಬೇಕಿಲ್ಲ. ಆಲ, ಅತ್ತಿ ಮಳೆಯಲ್ಲಿ ಖುಷಿಯಾಗಿರುತ್ತವೆ. ಅಡೇನಿಯಂ, ಜೇಡ್, ಜುನಿಪರ್ ಇವನ್ನು ಶೀಟಿನ ಕೆಳಗೆ ತನ್ನಿ.

ಇನ್ನೊಂದು ಕೆಲಸ, ಒಂದು ಪೈಸೆ ಖರ್ಚಿಲ್ಲದ್ದು. ಬೋನ್ಸಾಯ್ ಕುಂಡ ಆಳ ಇಲ್ಲದ್ದರಿಂದ, ಸಮ ಇಟ್ಟಾಗ ತಳದಲ್ಲಿ ಒಂದು ಪದರ ನೀರು ಇಳಿಯದೆ ಹಾಗೇ ನಿಲ್ಲುತ್ತದೆ. ಬೆಂಚು ಮಾಡಿ ಉಳಿದ ರೀಪಿನ ಚೂರನ್ನು ಕುಂಡದ ಒಂದು ತುದಿಯ ಕೆಳಗೆ ಕೊಟ್ಟು, ಎರಡು ಇಂಚು ಎತ್ತರಿಸಿ ಇಡಿ. ಓರೆಯಾದ ತಕ್ಷಣ ಇನ್ನೊಂದು ತುದಿಯ ತೂತಿನಿಂದ ನೀರು ಸುರಿಯೋದು ನಿಮ್ಮ ಕಣ್ಣಿಗೇ ಕಾಣುತ್ತದೆ. ಕುಂಡ ಜಾರದ ಹಾಗೆ ತಂತಿ ಕಟ್ಟೋದು ಮರೆಯಬೇಡಿ. ಜೂನ್ ಮೊದಲ ಮಳೆಗೆ ಚೂರು ಇಟ್ಟರೆ, ದಸರೆ ಹೊತ್ತಿಗೆ ತೆಗೆದು ಮತ್ತೆ ಸಮ ಮಾಡಿ.